ಅರ್ಧ ನಾಲಿಗೆ

ಗದಗ ಸೀಮೆಯಲ್ಲಿ ಈಗ ಯಾರೂ ‘ಬಾಯಿ ತೋರಿಸಿಕೊಂಡು ಬಂದೆ’ ಎನ್ನುವುದಿಲ್ಲ. ‘ಲೈಟ್ ಹಾಕಿಸಿಕೊಂಡು ಬಂದೆ’ ಎನ್ನುತ್ತಾರೆ. ವರ್ಷಕ್ಕೊಮ್ಮೆ ಮುಳಗುಂದ ರಸ್ತೆಯ ತಪಾಸಣಾ ಕೇಂದ್ರಕ್ಕೆ ಹೋಗಿ, ಬೆಳಕಿನ ಕಡ್ಡಿಯೊಂದನ್ನು ಬಾಯೊಳಗೆ ಆಡಿಸಿಕೊಂಡು, ಹಸಿರೋ ಕೆಂಪೋ ತಿಳಿದುಕೊಂಡು ಬರಬೇಕು. ಇಲ್ಲದಿದ್ದರೆ ಆರೋಗ್ಯ ಕಾರ್ಡ್ ಮುಂದಿನ ವರ್ಷಕ್ಕೆ ನಡೆಯುವುದಿಲ್ಲ. ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳುವ ಮೊದಲು ‘ಲೈಟ್ ಹಸಿರೈತೇನ್ರಿ?’ ಎಂದು ಕೇಳುವ ಕಾಲ ಇದು.

ಕಡ್ಡಿಯ ಕೆಲಸ ಸರಳ. ಅದು ಬಗೆಬಗೆಯ ಬಣ್ಣದ ಬೆಳಕನ್ನು ಚರ್ಮದ ಮೇಲೆ ಬಿಡುತ್ತದೆ. ಕ್ಯಾನ್ಸರ್ ಕೋಶದ ನಡುಬೀಜ, ಅಂದರೆ ನ್ಯೂಕ್ಲಿಯಸ್, ಊದಿಕೊಂಡಿರುವುದರಿಂದ ಅದಕ್ಕೆ ತಾಗಿದ ಬೆಳಕು ಬೇರೆ ರೀತಿಯಲ್ಲಿ ಚದುರುತ್ತದೆ. ಚದುರಿ ಬಂದದ್ದನ್ನು ಯಂತ್ರ ತಾನು ಹಿಂದೆ ನೋಡಿದ ಲಕ್ಷಾಂತರ ಬಾಯಿಗಳ ಜೊತೆ ಹೋಲಿಸಿ, ನಿಮಿಷದೊಳಗೆ ತೀರ್ಪು ಕೊಡುತ್ತದೆ. ಗುಟ್ಕಾ, ತಂಬಾಕು ತಿಂದು ಸಾಯುವವರ ಸಂಖ್ಯೆ ಈ ಸೀಮೆಯಲ್ಲಿ ಅರ್ಧಕ್ಕರ್ಧ ಇಳಿದದ್ದು ಈ ಕಡ್ಡಿಯಿಂದಲೇ. ಹಾಗಾಗಿ ಮಾಂಸದ ಚೂರು ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡುವ ಬಯಾಪ್ಸಿ ನಿಂತುಹೋಯಿತು. ಸ್ಲೈಡ್ ಮಾಡುತ್ತಿದ್ದ ಕೋಣೆಯಲ್ಲಿ ಈಗ ಸಿಬ್ಬಂದಿ ಸ್ಕೂಟರ್ ನಿಲ್ಲಿಸುತ್ತಾರೆ.

ಸ್ಲೈಡ್ ನೋಡಿ ರೋಗ ಹೇಳುವುದನ್ನು ಕಲಿತ ಕೊನೆಯ ತಂಡದವಳು ಡಾಕ್ಟರ್ ಮೇಘಾ ಹೂಗಾರ. ಈಗ ಅವಳ ಕೆಲಸ ನಿಯಂತ್ರಣ ಕೊಠಡಿಯಲ್ಲಿ ಕೂತು, ಯಂತ್ರ ಕೊಟ್ಟ ತೀರ್ಪಿನ ಕೆಳಗೆ ಒಪ್ಪಿಗೆಯ ಸಹಿ ಹಾಕುವುದು.

ಆ ಮಂಗಳವಾರ ಮಧ್ಯಾಹ್ನ ನಾಲ್ಕನೇ ಕುರ್ಚಿಯ ಚಿತ್ರ ಕೆಂಪಾಯಿತು. ಹೆಸರು ಓದಿದ ಮೇಘಾಳ ಕೈ ಮೇಜಿನ ಮೇಲೆಯೇ ನಿಂತಿತು. ತೇಜಸ್ವಿನಿ ಸಂಗಮೇಶ ಹೂಗಾರ. ಅವಳ ಅಣ್ಣನ ಹೆಂಡತಿ.

ಗಾಜಿನಾಚೆ ವೈನಿ ಬಾಯಿ ಒರೆಸಿಕೊಳ್ಳುತ್ತ, ಕಡ್ಡಿ ಹಿಡಿದಿದ್ದ ಹುಡುಗಿಗೆ ಏನೋ ಹೇಳಿ ನಗಿಸುತ್ತಿದ್ದರು. ತೀರ್ಪು ಅವರಿಗಿನ್ನೂ ತಿಳಿದಿರಲಿಲ್ಲ. ಮೇಘಾ ಮುಂದಿನ ಪುಟ ತೆರೆಯುವಷ್ಟರಲ್ಲಿ ಕಡತ ತಾನಾಗಿ ಮುಚ್ಚಿಕೊಂಡು, ‘ಸಂಬಂಧಿಕರು. ಮುಖ್ಯ ಶಸ್ತ್ರವೈದ್ಯರಿಗೆ ವರ್ಗಾಯಿಸಲಾಗಿದೆ’ ಎಂದು ತೋರಿಸಿತು. ಮುಚ್ಚುವ ಮುಂಚೆ ಒಂದು ಸಾಲು ಅವಳ ಕಣ್ಣಿಗೆ ಬಿದ್ದಿತ್ತು: ನಾಲಿಗೆಯ ಬಲ ಅರ್ಧ ತೆಗೆಯುವುದು, ಶುಕ್ರವಾರ ಬೆಳಗ್ಗೆ.

ತೇಜಸ್ವಿನಿಗೆ ನಾಲಿಗೆಯೇ ಉದ್ಯೋಗ. ಹರೆಯದಲ್ಲಿ ಕಬಡ್ಡಿ ಆಡಿ ಮೊಣಕಾಲು ಕೆಡಿಸಿಕೊಂಡ ಮೇಲೆ ಅವರು ಮೈಕ್ ಹಿಡಿದರು. ರೋಣ, ಬಾದಾಮಿ, ಕುಷ್ಟಗಿಯವರೆಗೆ ಎಲ್ಲಿ ಕಬಡ್ಡಿ ಪಂದ್ಯವಿದ್ದರೂ ವೀಕ್ಷಕ ವಿವರಣೆಗೆ ಅವರೇ ಬೇಕು. ತಾನಾಗಿ ಮಾತಾಡುವ ಯಂತ್ರಗಳು ಬಂದಿದ್ದವು. ಆದರೆ ರೇಡ್ ಹೋದವನ ಅಪ್ಪನನ್ನು ಹೆಸರು ಹಿಡಿದು ಕಾಡಿಸುವುದು ಆ ಯಂತ್ರಗಳಿಗೆ ಬರುತ್ತಿರಲಿಲ್ಲ.

ಸಂಜೆ ಮನೆಯಲ್ಲಿ ಯಾರೂ ದೀಪ ಹಚ್ಚಿರಲಿಲ್ಲ. ಸಂಗಮೇಶ ಹೂವಿನ ಅಂಗಡಿ ಮುಚ್ಚಿ ಬೇಗ ಬಂದಿದ್ದ. ಬಂದು ಗೋಡೆಗೆ ಒರಗಿ ಕೂತವನು ಎದ್ದೇ ಇರಲಿಲ್ಲ.

“ಶುಕ್ರವಾರತನಾ ಯಾಕ ಕಾಯ್ಬೇಕು? ನಾಳೆನ ಮಾಡ್ಸಾಕ ಬರೂದಿಲ್ಲೇನು?” ಎಂದು ತಂಗಿಯನ್ನು ಕೇಳಿದ. “ನೀ ಅಲ್ಲೇ ಇರಾಕಿ. ಒಂದ್ ಮಾತ್ ಹೇಳಿ ನೋಡು.”

“ಅವ್ರಿಗೆ ಕೊಯ್ಯೂ ಅವಸರ, ಇವ್ರಿಗೆ ಕೊಯ್ಸೂ ಅವಸರ,” ಎಂದರು ತೇಜಸ್ವಿನಿ ಒಲೆಯ ಮುಂದಿನಿಂದ. “ಹದಿನೆಂಟ್ ವರ್ಷ ಮಾತ್ ಕೇಳಿ ಸಾಕಾಗೈತಿ ಈ ಮನಷ್ಯಾಗ. ಈಗರ ಅರ್ಧಾ ಕಡಿಮಿ ಆಕ್ಕೈತಿ ಅಂತ ಖುಷಿ.”

ಸಂಗಮೇಶ ನಗಲಿಲ್ಲ. ತೇಜಸ್ವಿನಿಯೂ ನಗಲಿಲ್ಲ. ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಹಿಟ್ಟಿನ ಕೈ ಒರೆಸಿಕೊಂಡು, ನಾಲಿಗೆಯ ಬಲಗಡೆಯನ್ನು ಬೆರಳಿನಿಂದ ಒತ್ತಿ ಹಿಡಿದು, “ಗದಗ ತಂಡದ ರೇಡರ್ ಈಗ ಗೆರೆ ದಾಟಿ” ಎನ್ನಲು ಹೋದರು. ಹೊರಬಿದ್ದದ್ದು ಮಾತಲ್ಲ, ಜೊಲ್ಲು ತುಂಬಿದ ಏನೋ ಒಂದು ಸದ್ದು. ಬೆರಳು ತೆಗೆದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತರು.

“ವೈನಿ, ಬಾಯಿ ತಗೀರಿ,” ಎಂದಳು ಮೇಘಾ.

ಟಾರ್ಚ್ ಹಿಡಿದು ನೋಡಿದಳು. ಕೈಗವಸು ಹಾಕಿದ ಬೆರಳಿನಿಂದ ಮುಟ್ಟಿದಳು. ನಾಲಿಗೆಯ ಬಲ ಅಂಚಿನಲ್ಲಿ ತೊಗರಿ ಕಾಳಿಗಿಂತ ತುಸು ದೊಡ್ಡದೊಂದು ಗಂಟು. ಗಟ್ಟಿಯಾಗಿತ್ತು, ನೋವಿರಲಿಲ್ಲ, ಮೇಲೆ ಹುಣ್ಣಿರಲಿಲ್ಲ, ಬಣ್ಣ ತುಸು ಹಳದಿ. ಕುತ್ತಿಗೆಯಲ್ಲಿ ಒಂದು ಗಂಟೂ ಕೈಗೆ ಸಿಗಲಿಲ್ಲ. ವೈನಿ ಎಲೆ ಅಡಿಕೆಯನ್ನೂ ಹಾಕುವವರಲ್ಲ. ಏನೂ ಅಗಿಯದವರಿಗೂ ಕ್ಯಾನ್ಸರ್ ಬರುತ್ತದೆ ಎಂಬುದು ಮೇಘಾಳಿಗೆ ಗೊತ್ತಿತ್ತು. ಆದರೂ ಬೆರಳು ಆ ಗಂಟನ್ನು ಬಿಟ್ಟು ಬರಲಿಲ್ಲ. ಅದು ನಾಲಿಗೆಯ ಮೇಲೆ ಬೆಳೆದದ್ದಲ್ಲ. ಒಳಗೆ ಕೂತು ಮೇಲಿನ ಚರ್ಮವನ್ನು ದೂಡುತ್ತಿತ್ತು.

ಓದುವಾಗ ಒಮ್ಮೆ ಪರೀಕ್ಷೆಯಲ್ಲಿ ಬಂದಿದ್ದ ಪ್ರಶ್ನೆ ಅದು. ಗ್ರ್ಯಾನ್ಯುಲರ್ ಸೆಲ್ ಟ್ಯೂಮರ್. ನರದ ಹೊದಿಕೆಯ ಕೋಶಗಳಿಂದ ಹುಟ್ಟುವ ಅಪರೂಪದ ಗಂಟು. ನಾಲಿಗೆ ಅದಕ್ಕೆ ಇಷ್ಟದ ಜಾಗ, ಹೆಂಗಸರಲ್ಲಿ ಹೆಚ್ಚು. ತೀರಾ ವಿರಳ ಪ್ರಕರಣಗಳನ್ನು ಬಿಟ್ಟರೆ ಕೆಡುಕು ಮಾಡುವುದಿಲ್ಲ. ಗಂಟಿನಷ್ಟನ್ನೇ ತೆಗೆದರೆ ಮುಗಿಯಿತು. ಆದರೆ ಅದಕ್ಕೊಂದು ಚಾಳಿ ಇದೆ. ತನ್ನ ಮೇಲಿನ ಚರ್ಮವನ್ನು ಕೆಣಕಿ, ದಪ್ಪಗೆ ಬೇರುಬೇರಾಗಿ ಬೆಳೆಸಿ, ನೋಡುವವರಿಗೆ ಕ್ಯಾನ್ಸರಿನಂತೆಯೇ ಕಾಣಿಸುತ್ತದೆ. ಮೇಲೆ ಮಾತ್ರ ನೋಡುವವರು ಮೋಸಹೋಗುತ್ತಾರೆ.

ಕೇಂದ್ರದ ಕಡ್ಡಿ ನೋಡುವುದು ಮೇಲೆ ಮಾತ್ರ.

ಅದಕ್ಕೆ ಕಾರಣ ಸೋಮಾರಿತನವಲ್ಲ, ಕರುಣೆ. ಯಂತ್ರ ಬಂದ ಹೊಸದರಲ್ಲಿ ಕಡ್ಡಿಯ ತುದಿ ಹೆಬ್ಬೆರಳಿನಷ್ಟು ದಪ್ಪವಿತ್ತು. ಅದು ಸ್ನಾಯುವಿನ ಆಳದವರೆಗೂ ನೋಡುತ್ತಿತ್ತು. ಆದರೆ ವರ್ಷಗಟ್ಟಲೆ ಗುಟ್ಕಾ ಅಗಿದು ಕೆನ್ನೆಯ ಒಳಮೈ ಬಿಗಿದುಹೋದವರು ಬಾಯಿಯನ್ನು ಎರಡು ಬೆರಳಿನಷ್ಟೂ ತೆರೆಯಲಾರರು. ಅಂಥವರು ಕುರ್ಚಿಯಲ್ಲಿ ಅತ್ತು ವಾಪಸು ಹೋಗುತ್ತಿದ್ದರು. ಆಗ ಮುಖ್ಯ ಶಸ್ತ್ರವೈದ್ಯ ಡಾಕ್ಟರ್ ಜುಬೇರ ಇನಾಮದಾರರು ಹುಬ್ಬಳ್ಳಿಯ ವರ್ಕ್‌ಶಾಪೊಂದರಲ್ಲಿ ಕೂತು ಪೆನ್ಸಿಲಿನಷ್ಟು ತೆಳುವಾದ ತುದಿ ಮಾಡಿಸಿದರು. ಅದು ಮಿಲಿಮೀಟರಿನ ಮೂರರಲ್ಲಿ ಒಂದು ಭಾಗದಷ್ಟೇ ಆಳ ನೋಡುತ್ತದೆ. ತಂಬಾಕಿನ ಕ್ಯಾನ್ಸರ್ ಶುರುವಾಗುವುದು ಮೇಲಿನ ಪದರದಲ್ಲೇ ಆದ್ದರಿಂದ ಅಷ್ಟು ಸಾಕಾಯಿತು. ಮುಂದೆ ಅನುಕೂಲಕ್ಕೆಂದು ಬಾಯಿ ಚೆನ್ನಾಗಿ ತೆರೆಯುವವರಿಗೂ ಅದೇ ತುದಿ ಬಂತು. ಯಂತ್ರಕ್ಕೂ ಅದರ ನೋಟವನ್ನೇ ಕಲಿಸಿದರು. ದಪ್ಪ ತುದಿಗಳು ಗುಜರಿಗೆ ಹೋದವು.

ಮರುದಿನ ಬೆಳಗ್ಗೆ ಮೇಘಾ ಇನಾಮದಾರರ ಕೋಣೆಯಲ್ಲಿ ನಿಂತು ಇಷ್ಟನ್ನೂ ಹೇಳಿದಳು. ಅವರು ಚಹಾ ಕುಡಿಯುವುದನ್ನು ನಿಲ್ಲಿಸಲಿಲ್ಲ.

“ಈ ಗಂಟನ್ನ ನೀವು ಎಷ್ಟ್ ಸಲ ನೋಡೀರಿ?”

“ಪುಸ್ತಕದಾಗ ನೋಡೀನಿ, ಸರ್.”

“ನಾನೂ ಅಷ್ಟ.” ಕಪ್ಪು ಕೆಳಗಿಟ್ಟರು. “ನನ್ನ ತುದಿ ತಪ್ಪು ಅಂತೀರಿ.”

“ತುದಿ ತಪ್ಪಲ್ಲ ಸರ್. ಅದು ಕಾಣದ ಜಾಗದಾಗ ಏನೋ ಐತಿ ಅಂತೀನಿ.”

“ಖರೇ ಹೇಳ್ರಿ. ಇದು ನಿಮಗ ಡಾಕ್ಟರ್ ಅಂತ ಅನಸ್ತದೋ, ನಾದಿನಿ ಅಂತ ಅನಸ್ತದೋ?”

“ಎರಡೂ,” ಎಂದಳು ಮೇಘಾ.

ಇನಾಮದಾರರು ಕಿಟಕಿಯತ್ತ ನೋಡಿದರು. ಹೊರಗೆ ಕುರ್ಚಿಗಳಿಗಾಗಿ ಜನ ಸಾಲು ನಿಂತಿದ್ದರು. “ಅದು ಕ್ಯಾನ್ಸರ್ ಆಗಿದ್ದು ನಾವು ತಡಾ ಮಾಡಿದ್ರ, ಕುತ್ತಿಗಿಗೆ ಇಳೀತದ. ಆವಾಗ ನಾಲಿಗಿ ಅಲ್ಲ, ಜೀವಾನ ಹೋಗ್ತದ. ಶುಕ್ರವಾರದ ಆಪರೇಷನ್ ನಾ ಮುಂದೂಡೂದಿಲ್ಲ.” ಮೇಘಾಳ ಕಡೆ ತಿರುಗಿ ಹೇಳಿದರು: “ಇವತ್ತ ಒಂದು ಚೂರು ತಗದು ಕೊಡ್ತೀನಿ. ಆದ್ರ ಸ್ಲೈಡ್ ಮಾಡೋರ ಯಾರ ಅದಾರ ಈಗ?”

ಅದನ್ನು ಮೇಘಾ ಆಗಲೇ ವಿಚಾರಿಸಿದ್ದಳು. ಬೆಳಕಿನ ಕಡ್ಡಿಯನ್ನು ಯಾರೂ ದನಗಳಿಗಾಗಿ ಮಾಡಿರಲಿಲ್ಲ. ಬೆಟಗೇರಿ ಕಡೆಯ ಜಾನುವಾರು ಪ್ರಯೋಗಾಲಯದಲ್ಲಿ ಇನ್ನೂ ಮೇಣದಲ್ಲಿ ಚೂರು ಹುದುಗಿಸಿ, ಹಾಳೆಯಂಥ ತೆಳು ಎಳೆ ಕತ್ತರಿಸಿ, ಬಣ್ಣ ಹಾಕುತ್ತಿದ್ದರು.

“ಎಮ್ಮಿ ದವಾಖಾನಿಗೆ ನನ್ನ ನಾಲಿಗಿ ಹೊಂಟೈತೇನು?” ಎಂದರು ತೇಜಸ್ವಿನಿ, ಚೂರು ತೆಗೆದ ಮೇಲೆ ಹತ್ತಿ ಕಚ್ಚಿಕೊಂಡೇ. “ಹಾಲ್ ಎಷ್ಟ್ ಕೊಡ್ತೈತಿ ಅಂತ ಬರದಾರು, ನೋಡು.”

ಗುರುವಾರ ಮಧ್ಯಾಹ್ನ ಪಶುವೈದ್ಯ ಡಾಕ್ಟರ್ ಬಾರಕೇರ ಸ್ಲೈಡನ್ನು ಮೇಘಾಳ ಮುಂದಿಟ್ಟು, ಮೈಕ್ರೋಸ್ಕೋಪಿನ ಮೇಲಿನ ಧೂಳು ಒರೆಸಿದರು. “ನೋಡ್ರಿ ಮೇಡಂ. ನಮ್ಮ ಪೇಷಂಟ್ ಇಲ್ಲೀತನಾ ಒಬ್ರೂ ಕಂಪ್ಲೇಂಟ್ ಮಾಡಿಲ್ಲ.”

ಮೇಘಾ ಕಣ್ಣಿಟ್ಟಳು.

ಚರ್ಮದ ಕೋಶಗಳು ಬೆರಳು ಬೆರಳಾಗಿ ಕೆಳಕ್ಕೆ ಇಳಿದಿದ್ದವು. ಕೆಲವು ಮೂಲದಿಂದ ಕಡಿದುಕೊಂಡು ದ್ವೀಪಗಳಂತೆ ನಿಂತಿದ್ದವು. ದ್ವೀಪಗಳ ನಡುವೆ ಸುತ್ತಿ ಸುತ್ತಿ ಗಟ್ಟಿಯಾದ ಗುಲಾಬಿ ಉಂಡೆಗಳು. ಯಾವ ವಿದ್ಯಾರ್ಥಿಗೆ ತೋರಿಸಿದರೂ ಒಂದೇ ಉತ್ತರ ಬರುತ್ತಿತ್ತು: ಕ್ಯಾನ್ಸರ್. ಯಂತ್ರ ಹೇಳಿದ್ದೂ ಅದನ್ನೇ.

ಅವಳು ಮತ್ತೆ ನೋಡಿದಳು. ಮತ್ತೆ ಅದೇ. ಫೋನ್ ಕೈಗೆತ್ತಿಕೊಂಡು ಇನಾಮದಾರರ ಹೆಸರಿನ ಮೇಲೆ ಬೆರಳಿಟ್ಟಳು. ‘ಸರ್, ನಿಮ್ಮ ಮಾತೇ ಸರಿ’ ಎಂದರೆ ಮುಗಿಯುತ್ತಿತ್ತು. ಆ ಮಾತು ಹೇಳಿದರೆ ಒಂದು ರೀತಿಯಲ್ಲಿ ಹಗುರವೂ ಆಗುತ್ತಿತ್ತು.

“ಮೇಡಂ, ಕೆಳಗಿನ ಅಂಚು ಹೆಂಗ ಬಂದೈತಿ? ಮೇಣಾ ಬ್ಯಾರೇದು ಈ ಸಲ,” ಎಂದು ಬಾರಕೇರ ಸುಮ್ಮನೆ ಕೇಳಿದರು.

ಅವರು ಕೇಳಿದ್ದು ತಮ್ಮ ಮೇಣದ ಬಗ್ಗೆ. ಮೇಘಾ ಅಂಚನ್ನು ನೋಡಲು ಸ್ಲೈಡ್ ಸರಿಸಿದಳು. ಸರಿಸುತ್ತ ಹೋದ ಕೈ ನಿಧಾನವಾಯಿತು. ಚೂರಿನಲ್ಲಿ ಸ್ನಾಯುವೇ ಇರಲಿಲ್ಲ. ವರ್ಷಗಳಿಂದ ಯಾರೂ ಬಯಾಪ್ಸಿ ಮಾಡಿರದ ಕೇಂದ್ರದಲ್ಲಿ ಇನಾಮದಾರರ ಕೈ ಮೇಲಿನಿಂದ ಹೆರೆದಂತೆ ಚೂರು ತೆಗೆದಿತ್ತು. ಅವಳು ನೋಡುತ್ತಿದ್ದದ್ದು ತೆಳು ತುದಿ ನೋಡಿದ ಪದರವನ್ನೇ. ಕೆಳ ಅಂಚಿನಲ್ಲಿ ಮಸುಕಾದ ನಾಲ್ಕಾರು ಕೋಶಗಳಿದ್ದವು. ಅವುಗಳ ಹೊಟ್ಟೆಯಲ್ಲಿ ಸಣ್ಣ ರವೆಯಂಥ ಹರಳುಗಳು ಇದ್ದಂತೆ ಕಂಡವು. ಇಲ್ಲದಂತೆಯೂ ಕಂಡವು. ಅಷ್ಟನ್ನು ನಂಬಿ ಯಾರೂ ಏನೂ ಹೇಳುವಂತಿರಲಿಲ್ಲ.

ಆಳದ ಚೂರು ಬೇಕಿತ್ತು. ನಾಳೆ ಆಪರೇಷನ್ ಮೇಜಿನ ಮೇಲೆಯೇ ತೆಗೆದು, ಹೆಪ್ಪುಗಟ್ಟಿಸಿ, ಕೂಡಲೇ ನೋಡಬೇಕಿತ್ತು.

ಮನೆಯಲ್ಲಿ ಇದನ್ನು ಕೇಳಿ ಸಂಗಮೇಶ ಎದ್ದು ನಿಂತ.

“ಮೊದಲ್ನೇ ಚೂರು ಏನ್ ಹೇಳ್ತು?”

“ಕ್ಯಾನ್ಸರ್ ಹಂಗ ಕಾಣ್ತದ, ಅಣ್ಣ.”

“ಮುಗೀತಲ್ಲ! ಯಂತ್ರ ಹೇಳ್ತು, ನಿನ್ನ ಚೂರ ಹೇಳ್ತು, ಇನ್ನೇನ್ ಬೇಕವಾ ನಿನಗ? ಆಕಿ ಸತ್ರ ನೀ ಬಂದು ನನ್ನ ಮಕಾ ನೋಡ್ತಿಯೇನು?”

ತೇಜಸ್ವಿನಿ ಗಂಡನ ಅಂಗಿಯ ತೋಳು ಹಿಡಿದು ಕೂರಿಸಿದರು. ನಾಲಿಗೆ ಬಾತುಕೊಂಡಿದ್ದರಿಂದ ಮಾತು ನಿಧಾನವಾಗಿತ್ತು.

“ಒಂದ್ ಕೇಳ್ತೀನಿ, ಖರೇ ಹೇಳು ಮೇಘಾ. ನಾ ನಿನ್ನ ವೈನಿ ಅಲ್ಲಾಗಿದ್ರ ಏನ್ ಮಾಡ್ತಿದ್ದಿ?”

“ಏನೂ ಮಾಡ್ತಿರಲಿಲ್ರಿ.” ಮೇಘಾಳ ದನಿ ತಗ್ಗಿತು. “ಬಾಯಿ ಸೈತ ನೋಡ್ತಿರಲಿಲ್ಲ. ಸಹಿ ಹಾಕಿ ಮುಂದ ಕಳಸ್ತಿದ್ದೆ.”

ತೇಜಸ್ವಿನಿ ಗಂಡನ ತೋಳು ಬಿಟ್ಟು ಅವಳತ್ತ ತಿರುಗಿದರು. “ಹಂಗಾರ ರೇಡ್ ಹೋಗು,” ಎಂದರು. “ಸಿಕ್ಕೊಂಡ್ರ ನೀ ಒಬ್ಬಾಕಿ ಅಲ್ಲ ಔಟಾಗೂದು, ನಾನ. ಅದು ನೆನಪಿರ್ಲಿ.”

ಶುಕ್ರವಾರ ಆಪರೇಷನ್ ಕೋಣೆಯಲ್ಲಿ ತೇಜಸ್ವಿನಿ ಅರವಳಿಕೆಯ ಮತ್ತಿನಲ್ಲಿ ಮಲಗಿದ್ದರು. ಅವರ ಮೇಲೆ ಯಂತ್ರದ ಎರಡು ಉಕ್ಕಿನ ಕೈಗಳು, ಕೊಯ್ಯಬೇಕಾದ ಗೆರೆಯನ್ನು ಬೆಳಕಿನಲ್ಲಿ ಬರೆದು, ಕಾಯುತ್ತಿದ್ದವು. ಮೇಘಾಳ ಕೋರಿಕೆಗೆ ಒಪ್ಪಿದ್ದ ಇನಾಮದಾರರು ಅವನ್ನು ತಡೆದು, ತಮ್ಮ ಕೈಯಿಂದಲೇ ಗಂಟಿನ ನಡುವೆ ಆಳಕ್ಕೆ ಒಂದು ಸೀಳು ಹಾಕಿ ಚೂರು ತೆಗೆದರು. ಮಂಜುಗಡ್ಡೆಯ ಡಬ್ಬಿಯಲ್ಲಿ ಅದನ್ನಿಟ್ಟುಕೊಂಡು ಸ್ಕೂಟರಿನಲ್ಲಿ ಬೆಟಗೇರಿಗೆ ಓಡಿದವನು ಸಂಗಮೇಶ. ಬೇರೆ ಯಾರ ಕೈಗೂ ಕೊಡಲು ಅವನು ಒಪ್ಪಿರಲಿಲ್ಲ.

ಪ್ರಯೋಗಾಲಯದ ಬಾಗಿಲಲ್ಲಿ ಕಾಯುತ್ತಿದ್ದ ಮೇಘಾಳ ಕೈಗೆ ಡಬ್ಬಿ ಕೊಟ್ಟ. “ನೋಡು,” ಎಂದಷ್ಟೇ ಹೇಳಿದ.

ಬಾರಕೇರ ಚೂರನ್ನು ಹೆಪ್ಪುಗಟ್ಟಿಸಿ ಎಳೆ ತೆಗೆಯತೊಡಗಿದರು. ಮೊದಲ ಎಳೆ ಮಡಚಿಕೊಂಡಿತು. ಎರಡನೆಯದು ಹರಿಯಿತು. ಫೋನಿನಲ್ಲಿ ಇನಾಮದಾರರ ಉಸಿರಾಟ ಕೇಳುತ್ತಿತ್ತು. “ಅರವಳಿಕೆ ಹೆಚ್ಚ ಹೊತ್ತು ಇಡಾಕ ಆಗೂದಿಲ್ಲ, ಡಾಕ್ಟರ್,” ಎಂದರು. ಮೂರನೆಯ ಎಳೆ ಗಾಜಿನ ಮೇಲೆ ಸಪಾಟಾಗಿ ಕೂತಿತು. ಬಣ್ಣ ಹಾಕಿದರು, ತೊಳೆದರು.

ಮೇಘಾ ಕಣ್ಣಿಟ್ಟಳು. ಮೇಲೆ ಅವೇ ಬೆರಳುಗಳು, ಅವೇ ದ್ವೀಪಗಳು. ಕೆಳಗೆ ಇಳಿದಳು. ದ್ವೀಪಗಳು ಒಂದು ಮಟ್ಟಕ್ಕೆ ಬಂದು ಗೋಡೆಗೆ ತಾಗಿದಂತೆ ನಿಂತುಬಿಟ್ಟಿದ್ದವು. ಅದರಿಂದ ಕೆಳಗೆ, ಸ್ನಾಯುವಿನ ಎಳೆಗಳ ನಡುವೆ, ಒತ್ತೊತ್ತಾಗಿ ದೊಡ್ಡ ಮಸುಕು ಕೋಶಗಳು ತುಂಬಿದ್ದವು. ಪ್ರತಿಯೊಂದರ ಹೊಟ್ಟೆಯಲ್ಲೂ ಗುಲಾಬಿ ರವೆ ಚೆಲ್ಲಿದಂತೆ ಹರಳು. ನಡುಬೀಜಗಳು ಸಣ್ಣವು, ಒಂದೇ ಅಳತೆಯವು. ಒಡೆದು ಎರಡಾಗುತ್ತಿರುವ ಕೋಶಕ್ಕಾಗಿ ಹುಡುಕಿದಳು, ಸಿಗಲಿಲ್ಲ. ಸತ್ತ ಭಾಗಕ್ಕಾಗಿ ಹುಡುಕಿದಳು, ಅದೂ ಸಿಗಲಿಲ್ಲ. ಆದರೂ ಮತ್ತೊಮ್ಮೆ ಮೇಲಿನ ದ್ವೀಪಗಳಿಗೆ ಹೋದಳು. ಎರಡೂ ರೋಗ ಒಟ್ಟಿಗೇ ಇದ್ದರೆ? ಒಂದೊಂದು ದ್ವೀಪವನ್ನೂ ನೋಡಿದಳು. ಪುಂಡಾಟದ ಲಕ್ಷಣ ಯಾವುದರಲ್ಲೂ ಇರಲಿಲ್ಲ.

“ಡಾಕ್ಟರ್,” ಎಂದಿತು ಫೋನ್.

“ಕೆಡುಕಿಲ್ಲದ ಗಂಟು, ಸರ್. ಹರಳು ಕೋಶದ್ದು. ಗಂಟಿನಷ್ಟ ತಗೀರಿ, ಸುತ್ತ ಸ್ವಲ್ಪ ಅಂಚು ಸೇರಿಸಿ.”

“ಖಾತ್ರಿ?”

ಬಾಗಿಲಲ್ಲಿ ಸಂಗಮೇಶ ನಿಂತಿದ್ದ. ಮೇಘಾ ಅವನ ಕಡೆ ನೋಡದೆ ಹೇಳಿದಳು: “ಖಾತ್ರಿ.”

ಆ ಕಡೆ ಯಂತ್ರದ ಹೆಣ್ಣು ದನಿ ಕೇಳಿಸಿತು. ತೀರ್ಪು ಮೀರುವುದಾದರೆ ಹೊಣೆ ಹೊರುವವರ ಹೆಸರು ಹೇಳಬೇಕೆಂದು ಅದು ಕೇಳುತ್ತಿತ್ತು. ಮೇಘಾ ತನ್ನ ಹೆಸರು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಇನಾಮದಾರರು ಸ್ಪಷ್ಟವಾಗಿ, ಅಪ್ಪನ ಹೆಸರನ್ನೂ ಸೇರಿಸಿ, ತಮ್ಮ ಹೆಸರು ಹೇಳಿದರು. ಆಮೇಲೆ ಫೋನ್ ಕಡಿತವಾಯಿತು.

ವಾರ ಕಳೆದಾಗ ತೇಜಸ್ವಿನಿ ಗಂಜಿ ಬೇಡವೆಂದು ಜಗಳವಾಡುವಷ್ಟಾಗಿದ್ದರು. ನರದ ಹೊದಿಕೆಯ ಕೋಶಗಳ ಗುರುತು ಹಿಡಿಯುವ ವಿಶೇಷ ಬಣ್ಣದ ಪರೀಕ್ಷೆಯೂ ಮೇಘಾಳ ಮಾತನ್ನೇ ಹೇಳಿತು. ಆ ವರದಿ ಹಿಡಿದುಕೊಂಡು ಅವಳು ಇನಾಮದಾರರ ಕೋಣೆಗೆ ಹೋದಳು.

ಅವರು ವರದಿ ಓದಿದರು. ಮಡಚಿ ಮೇಜಿನ ಮೇಲಿಟ್ಟರು. ಖುಷಿಪಡುವರೆಂದು ಅವಳು ಕಾದಳು.

“ಹೊಳೆಆಲೂರಿನಾಕಿ ಒಬ್ಬಾಕಿ ಇದ್ಲು,” ಎಂದರು. “ಅಂಗನವಾಡಿ ಟೀಚರ್. ಎರಡು ವರ್ಷ ಆತು. ಇಲ್ಲೇ ಬಲಗಡೆ, ಹುಣ್ಣಿಲ್ಲದ ಗಂಟು. ‘ನಾ ಒಂದಿನಾನೂ ಎಲಿ ಹಾಕಿಲ್ರಿ, ನನಗ್ಯಾಕ ಬಂತು?’ ಅಂತ ಕೇಳಿದ್ಲು. ‘ಕೆಲವ್ರಿಗೆ ಹಂಗ ಬರ್ತದವಾ’ ಅಂತ ಹೇಳಿ ಅರ್ಧಾ ತಗದೆ.”

“ತಗದದ್ದು ಇಟ್ಟೀರೇನ್ರಿ ಸರ್? ಈಗರ ನೋಡಬಹುದು.”

“ಎಲ್ಲಿಂದ? ಎಲ್ಲಾ ಸುಟ್ಟುಬಿಡ್ತೀವಲ್ಲ. ಯಂತ್ರ ಹೇಳಿದ ಮ್ಯಾಲ ಮತ್ತ್ ಯಾರ ನೋಡ್ತಾರ ಅಂತ.”

ಅಂದರೆ ಅದು ಏನಾಗಿತ್ತೆಂದು ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ. ಕ್ಯಾನ್ಸರೇ ಆಗಿದ್ದಿರಬಹುದು. ಆಗಿರದೆಯೂ ಇದ್ದಿರಬಹುದು. ಮೇಘಾಳಿಗೆ ತನ್ನ ಸಹಿಯೂ ಆ ತೀರ್ಪಿನ ಕೆಳಗಿದೆ ಎಂಬುದು ಹೊಳೆದದ್ದು ಆಗ. ಆ ಹೆಂಗಸಿನ ಮುಖ ನೆನಪಿಗೆ ತಂದುಕೊಳ್ಳಲು ನೋಡಿದಳು. ನೋಡಿಯೇ ಇರಲಿಲ್ಲ.

ಇನಾಮದಾರರು ಹೊಳೆಆಲೂರಿನ ಆ ಮನೆಗೆ ಫೋನ್ ಹಚ್ಚಿ, ಅವಳಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಆ ಕಡೆ ಒಂದು ಎಳೆಯ ದನಿ ಬಂತು. ಸೊಸೆ.

“ಡಾಕ್ಟರ್ರ? ಅಯ್ಯ, ಅತ್ತಿ ದಿನಾ ನಿಮ್ಮನ್ನ ನೆನಸ್ತಾರ್ರಿ. ತಡೀರಿ, ಇಲ್ಲೇ ಅದಾರ.”

ಫೋನಿನಲ್ಲಿ ತುಂಬಿದ ಬಾಯಿಯ ಸದ್ದೊಂದು ಎದ್ದಿತು. ಅದರಲ್ಲಿ ಏರಿಳಿತವಿತ್ತು, ಗೌರವವಿತ್ತು. ಒಂದು ಶಬ್ದವೂ ತಿಳಿಯಲಿಲ್ಲ. ಸೊಸೆ ನಡುವೆ ಬಂದು ಹೇಳಿದಳು:

“ನಿಮ್ಮಿಂದ ಜೀವಾ ಉಳೀತು ಅನ್ನಾಕತ್ತಾರ್ರಿ. ಪಂಚಮಿಗೆ ಉಂಡಿ ಕಳಸ್ತಾರಂತ.” ಮತ್ತೆ ಆ ಸದ್ದು, ಈ ಸಲ ಗಾಬರಿಯದು. “ನೀವ ಯಾಕ ಫೋನ್ ಮಾಡೀರಿ ಅಂತ ಕೇಳಾಕತ್ತಾರ. ಮತ್ತ ಬಂತೇನ್ರಿ ಅದು?”

“ಇಲ್ಲವಾ, ಬಂದಿಲ್ಲ,” ಎಂದರು ಇನಾಮದಾರರು ಅವಸರದಿಂದ. “ಅಂಥಾದ್ದೇನೂ ಇಲ್ಲ ಅಂತ ಹೇಳ್ರಿ ಅವ್ರಿಗೆ.”

ಆ ಕಡೆ ನಗು ಸಿಡಿಯಿತು. ನಗುವುದಕ್ಕೆ ಪೂರ್ತಿ ನಾಲಿಗೆ ಬೇಕಿರಲಿಲ್ಲ. ಅದು ಎಲ್ಲರ ನಗುವಿನಂತೆಯೇ ಇತ್ತು, ನಿರಾಳವಾಗಿ, ದೊಡ್ಡದಾಗಿ. ಅತ್ತೆಯ ಜೊತೆ ಸೊಸೆಯೂ ನಕ್ಕಳು.

ಇನಾಮದಾರರು ಎದುರಿಗೆ ಕೂತ ಮೇಘಾಳನ್ನು ನೋಡಿದರು. ಅವಳು ತಲೆಯಾಡಿಸಿದಳು.

“ನಾಳೆ ನಾವಿಬ್ರೂ ನಿಮ್ಮ ಮನೀಗೆ ಬರ್ತೀವಿ,” ಎಂದರು ಅವರು. “ಒಂದು ಮಾತು ಹೇಳೂದೈತಿ. ಫೋನಿನ್ಯಾಗ ಹೇಳೂ ಮಾತಲ್ಲ.”

ಆ ಕಡೆ ನಗು ನಿಂತಿತು.